ಸಿದ್ದಬಸಪ್ಪನವರ ಮಳೆಯ ನಕಲು

ಬೆಳಿಗ್ಗೆ ಎಂಟೂವರೆಗೆ ಮೂಡಿಗೆರೆ ತಾಲ್ಲೂಕಿನ ಯಾವ ಕಾಫಿ ಪ್ಲಾಂಟರಿಗೂ ಫೋನ್ ಮಾಡಬಾರದು. ಎಲ್ಲರದೂ ಎಂಗೇಜ್ ಇರುತ್ತದೆ. ನಿಮ್ಮಲ್ಲೆಷ್ಟು ಎಂದು ಇವರು ಕೇಳುತ್ತಾರೆ, ಎಂಬತ್ತು ಸೆಂಟ್ ಎಂದು ಅವರು ಹೇಳುತ್ತಾರೆ, ನಮ್ಮಲ್ಲಿ ಒಂದು ಇಂಚು ಹತ್ತು ಎಂದು ಇವರು ಎದೆಯುಬ್ಬಿಸುತ್ತಾರೆ. ಇದು ಮಳೆಯ ಮಾತು. ನೂರು ಸೆಂಟಿಗೆ ಒಂದು ಇಂಚು. ದೇಶವೆಲ್ಲ ಮಿಲಿಮೀಟರಿಗೆ ಹೋಗಿ ಯಾವ ಕಾಲವಾಯಿತೋ, ನಮ್ಮವರು ಮಾತ್ರ ಹೋಗಿಲ್ಲ. ಪಕ್ಕದ ತೋಟಕ್ಕೆ ಹತ್ತು ಸೆಂಟ್ ಜಾಸ್ತಿ ಬಿತ್ತೆಂದು ತಿಂಡಿ ತಟ್ಟೆ ಸರಿಸಿ ಎದ್ದು ಹೋದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಹತ್ತು ಸೆಂಟನ್ನು ಇವರೇನೋ ಮೇಲೆ ನಿಂತು ಸುರಿದವರ ಹಾಗೆ ಆಡುತ್ತಾರೆ.

ಈ ಹುಚ್ಚನ್ನೆಲ್ಲ ಕಂಪ್ಯೂಟರಿಗೆ ತುಂಬುವುದು ನನ್ನ ಉದ್ಯೋಗ. ನನ್ನ ಹೆಸರು ತನುಜಾ, ಊರು ಬಣಕಲ್, ಓದಿದ್ದು ಬಿಸಿಎ. ಮೂಡಿಗೆರೆ ಬಸ್ ಸ್ಟ್ಯಾಂಡಿನ ಹತ್ತಿರ ಗೊಬ್ಬರದಂಗಡಿಯ ಮಹಡಿಯಲ್ಲಿ ಮಳೆ ದಾಖಲೆ ಬಳಗ ಎಂಬ ಬೋರ್ಡ್ ಇರುವ ಒಂದು ಕೋಣೆ ಇದೆ. ನಲವತ್ತೆರಡು ತೋಟದವರು ತಮ್ಮ ತಮ್ಮ ಮಳೆ ಪುಸ್ತಕ ತಂದುಕೊಡುತ್ತಾರೆ, ನಾನು ಅದನ್ನು ಡೇಟಾಬೇಸಿಗೆ ಏರಿಸುತ್ತೇನೆ. ಬಳಗದ ಕಾರ್ಯದರ್ಶಿ ಓಂಕಾರಮೂರ್ತಿಯವರಿಗೆ ಡೇಟಾಬೇಸ್ ಎಂದರೆ ಏನೆಂದು ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಸನ್ಮಾನ ಒಂದೇ. ಆಫೀಸಿನ ಬೀರುವಿನಲ್ಲಿ ಸದಾ ಡಜನ್ ಶಾಲು ದಾಸ್ತಾನು ಇರುತ್ತದೆ. ಯಾರಾದರೂ ಐದು ನಿಮಿಷ ಸುಮ್ಮನೆ ಕೂತರೆ ಸಾಕು, ಹೊದಿಸಿ ಫೋಟೋ ಹೊಡೆಸಿಬಿಡುತ್ತಾರೆ.

ಕಂಪ್ಯೂಟರ್ ಯಾರೋ ಪುಣ್ಯಾತ್ಮ ಪ್ಲಾಂಟರು ದಾನ ಕೊಟ್ಟಿದ್ದು, ತಾತನ ಕಾಲದ್ದು. ಅದಕ್ಕೆ ಚಂದದ ಕಿಟಕಿ, ಬಣ್ಣದ ಚಿತ್ರ ಹೊರುವ ತ್ರಾಣವಿರಲಿಲ್ಲ. ಹಾಗಾಗಿ ನಾನು ಎಲ್ಲವನ್ನೂ ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಿಯೇ ನಡೆಸುತ್ತಿದ್ದೆ. ಪ್ರತಿ ಶುಕ್ರವಾರ ಸಂಜೆ ಹೊರಡುವ ಮುಂಚೆ ಒಂದು ಸಾಲು. ಎಂಟರ್ ಒತ್ತಿದರೆ ಇಡೀ ಡೇಟಾಬೇಸ್ ಒಂದೇ ಫೈಲಾಗಿ ಇಳಿದು, ಗಂಟು ಕಟ್ಟಿಕೊಂಡು, ಹಿಂದೆ ಸಿಕ್ಕಿಸಿದ್ದ ಹೊರಗಿನ ಹಾರ್ಡ್ ಡಿಸ್ಕಿಗೆ ಹೋಗಿ ಕೂರುತ್ತದೆ. ಇದಕ್ಕೆ ಡಂಪ್ ಎನ್ನುತ್ತಾರೆ. ಕಮಾಂಡಿನ ಗುಣವೇನೆಂದರೆ, ಕೆಲಸ ಕೆಟ್ಟರೆ ಕೂಗಾಡುತ್ತದೆ, ಸರಿಯಾದರೆ ತುಟಿ ಬಿಚ್ಚುವುದಿಲ್ಲ. ಪ್ರತಿ ಶುಕ್ರವಾರವೂ ಅದು ತುಟಿ ಬಿಚ್ಚಲಿಲ್ಲ. ನಾನೂ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಓಡುತ್ತಿದ್ದೆ.

ಹೋದ ವರ್ಷ ಜೂನ್‌ನಲ್ಲಿ ಜಾವಳಿಯ ಸಿದ್ದಬಸಪ್ಪನವರ ಜೀಪ್ ಬಂತು. ಎಂಬತ್ತು ದಾಟಿದ ಪ್ಲಾಂಟರು, ಮೂಗಿನ ಮೇಲೆ ಕೋಪ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಜೀಪಿನ ಹಿಂದೆ ಎರಡು ಗೋಣಿಚೀಲ. ಒಳಗೆ ವರ್ಷಕ್ಕೊಂದರಂತೆ ಐವತ್ತೆಂಟು ಉದ್ದನೆ ಪುಸ್ತಕ. ಅರವತ್ತಾರನೇ ಇಸವಿ ಜನವರಿ ಒಂದರಿಂದ ಒಂದೇ ಒಂದು ದಿನ ತಪ್ಪಿಲ್ಲ. ಸುಡುಬಿಸಿಲಿನ ದಿನವೂ ಸೊನ್ನೆ ಇದೆ. ಮದುವೆಯ ದಿನ ಬಾಸಿಂಗ ಕಟ್ಟಿಕೊಂಡೇ ರೈನ್ ಗೇಜ್ ನೋಡಿ ಬಂದರಂತೆ. ಹೇಳುವಾಗ ಅವರ ಮುಖದಲ್ಲಿ ಒಂದಿಷ್ಟೂ ನಾಚಿಕೆ ಇರಲಿಲ್ಲ. ಪುಸ್ತಕಗಳಿಗೆ ಗೆದ್ದಲು ಹತ್ತಿತ್ತು. ಇನ್ನೆರಡು ಮಳೆಗಾಲ ತಡೆಯುವ ಹಾಗಿರಲಿಲ್ಲ. ಇದೊಂದನ್ನ ಉಳಿಸಿಕೊಡಮ್ಮಾ ಎಂದರು. ಆ ಮನುಷ್ಯ ಬೇಡಿಕೊಂಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಜೂನ್‌ನಿಂದ ನವೆಂಬರ್‌ವರೆಗೆ ಕೂತು ಏರಿಸಿದೆ. ಇಪ್ಪತ್ತೊಂದು ಸಾವಿರದ ನೂರ ಎಂಬತ್ತನಾಲ್ಕು ದಿನ. ಬೆರಳು ಮರಗಟ್ಟಿತು, ಕನ್ನಡಕದ ನಂಬರ್ ಏರಿತು, ನನ್ನ ಗಂಡ ನಾನು ನಿದ್ದೆಯಲ್ಲೂ ಸೆಂಟ್ ಎಣಿಸುತ್ತೇನೆಂದು ಊರೆಲ್ಲ ಹೇಳಿಕೊಂಡು ಬಂದ. ಮುಗಿದ ದಿನ ಸಿದ್ದಬಸಪ್ಪನವರಿಗೆ ಫೋನ್ ಮಾಡಿದೆ.

"ಎಲ್ಲಾ ಬಂತು ಸಾರ್. ಒಂದು ದಿನಾನೂ ಬಿಟ್ಟಿಲ್ಲ."

"ಹಾಗಾದ್ರೆ ಈ ಪುಸ್ತಕ ಇನ್ನು ಬೇಕಾ?"

"ಯಾಕೆ ಸಾರ್, ಗೆದ್ದಲು ಮನೆ ಬಾಗಿಲಿಗೂ ಹತ್ತೀತು. ಇನ್ನು ನಿಮ್ಮದು ನಮ್ಮಲ್ಲಿ ಭದ್ರ. ಎರಡು ಕಡೆ ಇದೆ."

ಚೀಲಗಳು ಅದೇ ಜೀಪಿನಲ್ಲಿ ವಾಪಸು ಹೋದವು. ಡಿಸೆಂಬರ್ ಚಳಿಯಲ್ಲಿ ಐವತ್ತೆಂಟು ಪುಸ್ತಕವೂ ಅವರ ಮನೆಯ ಬಚ್ಚಲೊಲೆಗೆ ಹೋದವೆಂದು ಆಮೇಲೆ ಅವರೇ ನಗುತ್ತಾ ತಿಳಿಸಿದರು. ನಾನೂ ನಕ್ಕೆ. ಇನ್ನು ಆ ಮಳೆ ಈ ಭೂಮಿಯ ಮೇಲೆ ನನ್ನ ಮಾತೊಂದನ್ನೇ ನಂಬಿ ನಿಂತಿದೆ ಎಂದು ಆಗ ನನ್ನ ಮಂಡೆಗೆ ಹೊಳೆಯಲಿಲ್ಲ.

ಓಂಕಾರಮೂರ್ತಿಯವರಿಗೆ ಇಂಥ ಅವಕಾಶ ಬಿಡಲು ಮನಸ್ಸು ಬಂದೀತೇ? ಐವತ್ತೆಂಟು ವರ್ಷದ ಮಳೆಗೆ ಸನ್ಮಾನ ಎಂದು ಈ ಏಪ್ರಿಲ್‌ನ ಕೊನೆಯ ಭಾನುವಾರಕ್ಕೆ ಹಾಲ್ ಬುಕ್ ಮಾಡಿದರು. ಕಾರ್ಡ್ ಅಚ್ಚಾಯಿತು. ವೇದಿಕೆ ಮೇಲೆ ನಾನು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರಬೇಕು, ಸಭಿಕರು ಯಾವುದಾದರೂ ತಾರೀಕು ಹೇಳಬೇಕು, ಆ ದಿನ ಸಿದ್ದಬಸಪ್ಪನವರ ತೋಟದಲ್ಲಿ ಬಿದ್ದ ಮಳೆಯನ್ನು ನಾನು ಓದಬೇಕು. ಕಾರ್ಯಕ್ರಮಕ್ಕೆ 'ದಿನ ಹೇಳಿ, ಮಳೆ ಕೇಳಿ' ಎಂದು ಹೆಸರು. ಅವರ ತಲೆಗೆ ಇಂಥವೆಲ್ಲ ಸ್ನಾನ ಮಾಡುವಾಗ ಬರುತ್ತವಂತೆ.

ಭಾನುವಾರಕ್ಕೆ ಐದು ದಿನ ಮುಂಚೆ, ಮಂಗಳವಾರ ಮಧ್ಯಾಹ್ನ, ಗುಡುಗು ಶುರುವಾಯಿತು.

ಇಲ್ಲಿ ವಿಮಲಮ್ಮನ ವಿಷಯ ಹೇಳಬೇಕು. ಆಫೀಸ್ ಗುಡಿಸಿ, ಬೀಗ ತೆಗೆದು ಹಾಕಿ, ಕಾಫಿ ಕಾಸುವವರು. ನಮ್ಮ ಕಡೆ ಮೊದಲ ಗುಡುಗು ಕೇಳಿದ ಕೂಡಲೇ ಮನೆಯ ಎಲ್ಲ ವೈರನ್ನೂ ಕೀಳುವುದು ರೂಢಿ. ಟಿವಿ, ಫ್ರಿಜ್, ಮಿಕ್ಸಿ, ಮೋಡೆಮ್, ಒಂದನ್ನೂ ಬಿಡುವುದಿಲ್ಲ. ಕಿತ್ತ ಮೇಲೆ ಕತ್ತಲಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ವಿಮಲಮ್ಮನಂತೂ ಈ ವಿಷಯದಲ್ಲಿ ಫೈರ್ ಬ್ರಿಗೇಡ್. ಬಾಲ ಇರುವ ಯಾವ ವಸ್ತುವನ್ನೂ ಅವರು ನಂಬುವುದಿಲ್ಲ. ಆ ಮಂಗಳವಾರ ಮಾತ್ರ ಅವರು ಮೊಮ್ಮಗಳ ನಾಮಕರಣಕ್ಕೆಂದು ಸಂಸೆಗೆ ಹೋಗಿದ್ದರು. ಹೋಗುವಾಗ ಮೂರು ಸಲ ಹೇಳಿದ್ದರು, ಗುಡುಗಿದರೆ ಎಲ್ಲಾ ಕಿತ್ತಿಡಿ ಎಂದು. ನಾನು ಬಿಸಿಎ ಓದಿದವಳು. ಯುಪಿಎಸ್ ಇದೆ, ಏನೂ ಆಗಲ್ಲ ಎಂದು ಅವರೆದುರೇ ನಕ್ಕಿದ್ದೆ.

ಮೂರನೇ ಗುಡುಗಿಗೆ ಮಿಂಚು ಬ್ರಾಡ್‌ಬ್ಯಾಂಡ್ ವೈರ್ ಹಿಡಿದು ಸೀದಾ ಒಳಗೆ ಬಂತು. ಮೋಡೆಮ್ ಪಟ್ ಎಂದಿತು. ಕಂಪ್ಯೂಟರಿನ ಬೆನ್ನಿಂದ ಹೊಗೆ ಎದ್ದಿತು. ಸುಟ್ಟ ರಬ್ಬರಿನ ವಾಸನೆಗೆ ಕೆಳಗಿನ ಗೊಬ್ಬರದಂಗಡಿಯವರು ಮೇಲೆ ಓಡಿಬಂದು, ಅಯ್ಯೋ ಮಾರಾಯ್ತಿ, ವೈರ್ ಕೀಳೋದಲ್ವಾ ಎಂದು ಉಪದೇಶ ಮಾಡಿ ಹೋದರು.

ನನಗೆ ಆಗಲೂ ಭಯವಾಗಲಿಲ್ಲ. ಮೆಷಿನ್ ಹೋದರೆ ಹೋಗಲಿ, ದರಿದ್ರ ಮುಂಡೇದು ಯಾವತ್ತೋ ಸಾಯಬೇಕಿತ್ತು, ಡಂಪ್ ಹೊರಗಿನ ಡಿಸ್ಕಿನಲ್ಲಿದೆ ಎಂದುಕೊಂಡೆ. ಡಿಸ್ಕ್ ಬಿಚ್ಚಲೆಂದು ಮೇಜಿನ ಹಿಂದೆ ಕೈ ಹಾಕಿದೆ. ಜೇಡರ ಬಲೆ ಸಿಕ್ಕಿತು. ಇನ್ನಷ್ಟು ಕೈ ಚಾಚಿದೆ. ಇನ್ನಷ್ಟು ಬಲೆ ಸಿಕ್ಕಿತು. ಡಿಸ್ಕ್ ಇರಲಿಲ್ಲ.

ಕೋಣೆಯನ್ನೆಲ್ಲ ತಲೆಕೆಳಗು ಮಾಡಿದ ಮೇಲೆ ಅದು ಸಿಕ್ಕಿದ್ದು ಬೀರುವಿನಲ್ಲಿ, ಓಂಕಾರಮೂರ್ತಿಯವರ ಶಾಲುಗಳ ಅಡಿಯಲ್ಲಿ. ವೈರನ್ನು ಅಚ್ಚುಕಟ್ಟಾಗಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಥಂಡಿ ಹಿಡಿಯದಿರಲಿ ಎಂದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟಿದ್ದರು. ವಿಮಲಮ್ಮನ ಕೈಗಂಟು ನನಗೆ ಗೊತ್ತು. ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಪಟ್ಟಿ ಕೇಳಿದೆ. ಕೊನೆಯ ಡಂಪಿನ ತಾರೀಕು ಹೋದ ವರ್ಷ ಮಾರ್ಚ್ ಹದಿನೈದು. ಸಿದ್ದಬಸಪ್ಪನವರ ಜೀಪ್ ಬಂದಿದ್ದು ಜೂನ್‌ನಲ್ಲಿ.

ಆ ವರ್ಷದ ಮೊದಲ ಗುಡುಗಿಗೆ ವಿಮಲಮ್ಮ ಡಿಸ್ಕನ್ನೂ ಕಿತ್ತಿದ್ದರು. ಮಳೆ ನಿಂತ ಮೇಲೆ ತಮಗೆ ಗೊತ್ತಿದ್ದವನ್ನೆಲ್ಲ ವಾಪಸು ಸಿಕ್ಕಿಸಿದರು, ಇದೇನೆಂದು ಗೊತ್ತಿಲ್ಲದೆ ಜೋಪಾನವಾಗಿ ಎತ್ತಿಟ್ಟರು. ಹಾಗಿದ್ದರೆ ಆಮೇಲಿನ ಹದಿಮೂರು ತಿಂಗಳು ನನ್ನ ಶುಕ್ರವಾರದ ಕಮಾಂಡ್ ಮಾಡಿದ್ದೇನು? ಹೊರಗಿನ ಡಿಸ್ಕ್ ಸಿಕ್ಕಿಸಿದಾಗ ಅದು ಕಂಪ್ಯೂಟರಿನ ಒಂದು ಖಾಲಿ ಫೋಲ್ಡರಿನಲ್ಲಿ ಬಂದು ಕೂರುತ್ತದೆ. ಆ ಫೋಲ್ಡರಿಗೆ ಬ್ಯಾಕಪ್ ಎಂದು ನಾನೇ ಹೆಸರಿಟ್ಟಿದ್ದೆ. ಡಿಸ್ಕ್ ಇದ್ದರೆ ಅಲ್ಲಿ ಹಾಕಿದ್ದು ಡಿಸ್ಕಿಗೆ ಸೇರುತ್ತದೆ. ಇಲ್ಲದಿದ್ದರೆ ಫೋಲ್ಡರ್ ಮಾತ್ರ ಇರುತ್ತದೆ, ಹಾಕಿದ್ದು ಅದೇ ಕಂಪ್ಯೂಟರಿನ ಹೊಟ್ಟೆಯಲ್ಲಿ ಉಳಿಯುತ್ತದೆ. ಕಮಾಂಡಿಗೆ ಎರಡೂ ಒಂದೇ. ಮನೆ ಕೀಲಿಯ ನಕಲನ್ನು ಮನೆಯೊಳಗೇ ಇಟ್ಟು ಬಾಗಿಲೆಳೆದುಕೊಂಡ ಹಾಗೆ. ಡಿಸ್ಕ್ ಸಿಗದಿದ್ದರೆ ಮೆಷಿನ್ ಏಳುವಾಗ ತಕರಾರು ಮಾಡುತ್ತಿತ್ತು, ಅದರ ಬಾಯಿ ಮುಚ್ಚಿಸಿದವಳೂ ನಾನೇ. ಅದಕ್ಕೂ ಎಷ್ಟೋ ಮುಂಚೆ ಒಂದು ಬೆಳಿಗ್ಗೆ ಬೇಜಾರಾಗಿ, ಡಿಸ್ಕ್ ಇಲ್ಲದಿದ್ದರೂ ಸುಮ್ಮನಿರು ಎಂದು ಬರೆದುಬಿಟ್ಟಿದ್ದೆ. ಅದು ವಿಧೇಯವಾಗಿ ಸುಮ್ಮನಿತ್ತು.

ಓಂಕಾರಮೂರ್ತಿಯವರಿಗೆ ಹೇಳಲಿಲ್ಲ. ಹೇಳಿದ್ದರೆ ಗಾಬರಿಯಲ್ಲಿ ನನಗೂ ಒಂದು ಶಾಲು ಹೊದಿಸುತ್ತಿದ್ದರೋ ಏನೋ. ಸುಟ್ಟ ಮೆಷಿನ್ನನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಬುಧವಾರ ಬೆಳಿಗ್ಗೆ ಬಣಕಲ್ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋದೆ. ಪಕ್ಕದ ಹೆಂಗಸು ಮಗುವೇ ಎಂದು ಕೇಳಿದಳು. ಬೆಡ್‌ಶೀಟನ್ನು ಇನ್ನಷ್ಟು ಬಿಗಿಯಾಗಿ ಸುತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಸಿದ್ದಬಸಪ್ಪನವರು ಮೂಗಿನ ತುದಿಗೆ ಕನ್ನಡಕ ಜಾರಿಸಿ, ಎರಡು ಕಡೆ ಇದೆ ಅಂದ್ಯಲ್ಲಮ್ಮಾ ಎಂದು ಕೇಳುತ್ತಾರೆ, ನಾನು ಆ ಮುಖವನ್ನು ನೋಡಬೇಕು.

ಬಣಕಲ್‌ನಲ್ಲಿ ಹೈವೇ ಪಕ್ಕ ಶಶಿಕಿರಣ್ ಎಂಬವನ ರಿಪೇರಿ ಅಂಗಡಿ. ಮೊಬೈಲು, ಮಿಕ್ಸಿ, ಯುಪಿಎಸ್, ದೇವಸ್ಥಾನದ ಮೈಕು, ಎಲ್ಲದಕ್ಕೂ ಅವನೇ. ಮೆಷಿನ್ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟ. ಪವರ್ ಸಪ್ಲೈ ಹಪ್ಪಳವಾಗಿತ್ತು. ಬೋರ್ಡಿನ ಮೇಲೆ ಕಪ್ಪು ಬರೆ. ಇದಕ್ಕೆ ಮಣ್ಣು ಮಾಡೋದೇ ಸೈ ಮಾರಾಯ್ರೆ ಎಂದ. ಮಣ್ಣು ಆಮೇಲೆ ಮಾಡೋಣ, ಒಳಗಿನ ಡಿಸ್ಕ್ ತೆಗೆ ಎಂದೆ. ತೆಗೆದು, ಒಂದು ಅಡಾಪ್ಟರಿಗೆ ಕಟ್ಟಿ, ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಇಬ್ಬರೂ ಕಿವಿ ಹತ್ತಿರ ಹಿಡಿದೆವು. ಒಂದು ಕ್ಷಣ ಏನಿಲ್ಲ. ಆಮೇಲೆ ಒಳಗೆ ಏನೋ ತಿರುಗುವ ಸಣ್ಣ ಸದ್ದು.

ಡೇಟಾಬೇಸಿನ ಅಸಲು ಫೈಲುಗಳು ಹಾಳಾಗಿದ್ದವು. ಮಿಂಚು ಬಡಿದಾಗ ನಾನು ಯಾವುದೋ ತೋಟದ ಮಳೆ ಏರಿಸುತ್ತಿದ್ದೆ, ಅದು ಅರ್ಧಕ್ಕೇ ಕತ್ತರಿಸಿಹೋಗಿ ಏನು ಮಾಡಿದರೂ ತೆರೆಯಲಿಲ್ಲ. ಕೊನೆಗೆ ಬ್ಯಾಕಪ್ ಫೋಲ್ಡರಿನೊಳಗೆ ಏನಿದೆ ತೋರಿಸು ಎಂದು ಟೈಪ್ ಮಾಡಿದೆ. ಎಂಟರ್ ನೀನು ಒತ್ತು ಎಂದು ಲ್ಯಾಪ್‌ಟಾಪ್ ಸರಿಸಿದೆ. ಶಶಿಕಿರಣನೇ ಒತ್ತಿದ. ಸಾಲು ಸಾಲಾಗಿ ಇಳಿದವು. ಐವತ್ತೇಳು ಶುಕ್ರವಾರ. ಒಂದೂ ಹೋಗಬೇಕಾದ ಜಾಗಕ್ಕೆ ಹೋಗದೆ, ಎಲ್ಲವೂ ಇರಬಾರದ ಜಾಗದಲ್ಲೇ ಕಾಲು ಚಾಚಿಕೊಂಡು ಕೂತಿದ್ದವು. ನಾನು ಅಂಗಡಿಯಲ್ಲೇ ಗೊಳೋ ಎಂದು ಅತ್ತೆ. ಶಶಿಕಿರಣ್ ಫ್ಯಾನ್ ನನ್ನ ಕಡೆ ತಿರುಗಿಸಿದ.

ಕೊನೆಯ ಶುಕ್ರವಾರದ ಗಂಟು ಸರಿಯಿದೆಯೇ ಎಂದು ಪರೀಕ್ಷೆ ಮಾಡುವ ಕಮಾಂಡ್ ಕೊಟ್ಟೆ. ಅದು ತುಟಿ ಬಿಚ್ಚಲಿಲ್ಲ. ಈ ಸಲ ಆ ಮೌನವನ್ನು ನಂಬುವ ಮಗಳು ನಾನಲ್ಲ. ಲ್ಯಾಪ್‌ಟಾಪಿನಲ್ಲಿ ಹೊಸ ಡೇಟಾಬೇಸ್ ಮಾಡಿ, ಗಂಟು ಬಿಚ್ಚಿ ಸುರಿದು, ಸಿದ್ದಬಸಪ್ಪನವರ ದಿನ ಎಷ್ಟು ಎಂದು ಕೇಳಿದೆ. ಇಪ್ಪತ್ತೊಂದು ಸಾವಿರದ ನೂರ ಎಂಬತ್ತನಾಲ್ಕು. ಮೊದಲ ದಿನ ಅರವತ್ತಾರು ಜನವರಿ ಒಂದು, ಕೊನೆಯ ದಿನ ಎರಡು ಸಾವಿರದ ಇಪ್ಪತ್ತಮೂರು ಡಿಸೆಂಬರ್ ಮೂವತ್ತೊಂದು. ಎಲ್ಲಾ ಇತ್ತು. ಹೊರಗಿನ ಡಿಸ್ಕನ್ನು ಸಿಕ್ಕಿಸಿ, ನಿಜವಾಗಿಯೂ ಸಿಕ್ಕಿದೆಯೇ ಎಂದು ಎರಡು ಕಮಾಂಡಿನಲ್ಲಿ ಕೇಳಿ, ಅಲ್ಲಿಗೊಂದು ನಕಲು ಹಾಕಿದೆ. ಪೆನ್ ಡ್ರೈವಿಗೆ ಇನ್ನೊಂದು. ಅಸಲಿಗೂ ನಕಲಿಗೂ ಒಂದಕ್ಷರ ವ್ಯತ್ಯಾಸವಿಲ್ಲವೆಂದು ತಾಳೆ ನೋಡಿದೆ. ಪೆನ್ ಡ್ರೈವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡೆ.

ಗುರುವಾರ ವಿಮಲಮ್ಮ ನಾಮಕರಣದ ಲಾಡು ತಂದರು. ಬಾಯಿಗೆ ಬಂದಂತೆ ಬೈಯಬೇಕೆಂದು ಎರಡು ದಿನದಿಂದ ಮಾತು ಜೋಡಿಸಿಟ್ಟಿದ್ದೆ. ರಬ್ಬರ್ ಬ್ಯಾಂಡ್ ಎತ್ತಿ ತೋರಿಸಿದೆ. ಅವರು ಖುಷಿಯಿಂದ, ಓ ಸಿಕ್ತಾ, ಒಂದು ವರ್ಷದಿಂದ ಯಾರೂ ಕೇಳೇ ಇಲ್ವಲ್ಲ ಅಂದ್ಕೋತಿದ್ದೆ ಎಂದರು. ನಾನು ಲಾಡು ತಿಂದೆ.

ಭಾನುವಾರ ಹಾಲ್ ತುಂಬಿತ್ತು. ಊಟ ಇದೆಯೆಂದು ಕಾರ್ಡಿನಲ್ಲಿ ಹಾಕಿದ್ದರಲ್ಲ. ಸಿದ್ದಬಸಪ್ಪನವರಿಗೆ ಪೇಟ, ಹಾರ, ಶಾಲು, ಹಣ್ಣಿನ ಬುಟ್ಟಿ. ಪೇಟ ಕಿವಿಯವರೆಗೆ ಇಳಿಯುತ್ತಿತ್ತು, ಅವರು ಪ್ರತಿ ಎರಡು ನಿಮಿಷಕ್ಕೆ ಎತ್ತಿಡುತ್ತಿದ್ದರು. ಓಂಕಾರಮೂರ್ತಿಯವರು ಮುಕ್ಕಾಲು ಗಂಟೆ ಮಾತಾಡಿ ನನ್ನ ಕೈಗೆ ಮೈಕ್ ಕೊಟ್ಟರು. ನನಗೂ ಆ ಹೊತ್ತಿಗೆ ಅಹಂಕಾರ ನೆತ್ತಿಗೇರಿತ್ತು. ಕೊರಳಿನ ಪೆನ್ ಡ್ರೈವ್ ಎತ್ತಿ ತೋರಿಸಿ, ಸಿದ್ದಬಸಪ್ಪನವರ ಐವತ್ತೆಂಟು ವರ್ಷ ಈಗ ಮೂರು ಕಡೆ ಭದ್ರವಾಗಿದೆ, ಸಿಡಿಲು ಬಡಿದರೂ ಹೋಗುವುದಿಲ್ಲ, ಇದು ಬರೀ ಮಾತಲ್ಲ, ಪರೀಕ್ಷೆ ಆಗಿದೆ ಎಂದೆ. ಚಪ್ಪಾಳೆ ಬಿತ್ತು.

ತಾರೀಕು ಬರತೊಡಗಿದವು. ಯಾರದೋ ಹುಟ್ಟಿದ ದಿನ, ಮೂರು ಇಂಚು. ಯಾವುದೋ ಸೇತುವೆ ಕೊಚ್ಚಿಹೋದ ದಿನ, ಒಂಬತ್ತು ಇಂಚು ಇಪ್ಪತ್ತು ಸೆಂಟ್, ಎಲ್ಲರೂ ಓ ಎಂದರು. ಬಾಳೂರು ಕಡೆಯ ಪ್ಲಾಂಟರೊಬ್ಬರು ತಮ್ಮ ಮದುವೆಯ ದಿನ ಹೇಳಿದರು. ಸೊನ್ನೆ ಎಂದು ಓದಿದೆ. ಅವತ್ತೇ ಗೊತ್ತಾಗ್ಬೇಕಿತ್ತು ನಂಗೆ ಎಂದು ಅವರ ಹೆಂಡತಿ ಪಕ್ಕದಿಂದ ಹೇಳಿದರು. ಹಾಲ್ ಬಿದ್ದು ಬಿದ್ದು ನಕ್ಕಿತು.

ಮೊದಲ ಸಾಲಿನಲ್ಲಿ ಸಿದ್ದಬಸಪ್ಪನವರ ಹೆಂಡತಿ ಗಿರಿಜಾಂಬಾ ಕೂತಿದ್ದರು. ಎಪ್ಪತ್ತೈದು ದಾಟಿದವರು, ಸಣ್ಣ ಆಕೃತಿ, ಹಣೆಯಲ್ಲಿ ವಿಭೂತಿ, ಇಳಕಲ್ ಸೀರೆ. ಅಷ್ಟು ಹೊತ್ತೂ ಯಾರೂ ಅವರನ್ನು ಮಾತಾಡಿಸಿರಲಿಲ್ಲ. ಓಂಕಾರಮೂರ್ತಿಯವರಿಗೆ ಹಠಾತ್ತನೆ ಹೊಳೆದು, ಅಮ್ಮನವರೂ ಒಂದು ದಿನ ಕೇಳಬೇಕು ಎಂದು ಮೈಕ್ ಅವರ ಬಾಯಿಗೆ ಹಿಡಿದರು. ಅವರು ಬೇಡ ಎನ್ನುತ್ತಾರೆ ಎಂದುಕೊಂಡೆ. ಕಾದಿದ್ದವರ ಹಾಗೆ ಕೂಡಲೇ ಹೇಳಿದರು. ಎಪ್ಪತ್ತೊಂದನೇ ಇಸವಿ, ಆಗಸ್ಟ್ ಒಂಬತ್ತು.

ಕಮಾಂಡ್ ಕೊಟ್ಟೆ. "ಐದು ಇಂಚು ಅರವತ್ತು ಸೆಂಟ್," ಎಂದು ಓದಿದೆ. ಚಪ್ಪಾಳೆ.

"ಅದಲ್ಲ ಮಗಾ," ಎಂದರು. "ಅದರ ಪಕ್ಕದ್ದು ಓದು."

ಮಾರನೇ ದಿನದ್ದು ಕೇಳುತ್ತಿದ್ದಾರೆಂದು ತಿಳಿದು ಅದನ್ನೂ ಓದಿದೆ. ಅವರು ಕೈಯಾಡಿಸಿದರು.

"ಮಳೆ ಅಲ್ಲ. ಅದೇ ಸಾಲಲ್ಲಿ, ಪಕ್ಕದಲ್ಲಿ ನಾನು ಬರ್ದಿರೋದು."

ಪುಸ್ತಕದ ಪುಟ ಆಗ ನನ್ನ ಕಣ್ಣಿಗೆ ಬಂತು. ಎಡಕ್ಕೆ ತಾರೀಕು. ನಡುವೆ ಇಂಚು, ಸೆಂಟ್. ಬಲಕ್ಕೆ ಷರಾ ಎಂದು ತಲೆಬರಹವಿದ್ದ ಅಗಲದ ಜಾಗ. ಆ ಜಾಗದಲ್ಲಿ ಅರವತ್ತೆಂಟನೇ ಇಸವಿಯಿಂದ ಸಣ್ಣ, ಓರೆ ಅಕ್ಷರ, ದಿನಕ್ಕೊಂದು ಸಾಲು. ಶುರುವಿನಲ್ಲಿ ಒಂದೆರಡು ಕಣ್ಣಿಗೆ ಬಿದ್ದಿದ್ದವು. ಕೆಂಪಿ ಕರು ಹಾಕಿತು. ಅಕ್ಕ ಬಂದು ಹೋದಳು, ನಾನು ಸುಳ್ಳು ನಗು ನಕ್ಕೆ. ಇಂಥದ್ದು. ಅಡುಗೆಮನೆ ಪುರಾಣ ಎಂದುಕೊಂಡಿದ್ದೆ. ಅದನ್ನು ಓದುತ್ತಾ ಕೂತರೆ ಸಾಲು ತಪ್ಪುತ್ತದೆಂದು ಒಂದು ಮರದ ಅಡಿಕೋಲನ್ನು ಆ ಜಾಗದ ಮೇಲೆ ನೆಟ್ಟಗೆ ಮುಚ್ಚಿಟ್ಟು, ಆರು ತಿಂಗಳು ಬರೀ ನಂಬರ್ ಹೊಡೆದೆ. ನನ್ನ ಟೇಬಲ್ಲಿನಲ್ಲಿ ಷರಾಕ್ಕೆ ಕಾಲಂ ಇರಲಿಲ್ಲ. ಮಾಡಿರಲಿಲ್ಲ. ಮಾಡಬೇಕೆಂದು ಹೊಳೆದೂ ಇರಲಿಲ್ಲ.

ಒಂದು ಸುಳ್ಳು ಹೇಳಿಬಿಡೋಣ ಅನ್ನಿಸಿತು. ಇವತ್ತು ತಾಂತ್ರಿಕ ತೊಂದರೆ, ಇನ್ನೊಮ್ಮೆ ನೋಡೋಣ ಎಂದರೆ ಮುಗಿಯುತ್ತಿತ್ತು. ಓಂಕಾರಮೂರ್ತಿಯವರು ಅದಾಗಲೇ ತುಟಿಯಲ್ಲಿ ಆ ಮಾತು ತಯಾರು ಮಾಡಿಕೊಳ್ಳುತ್ತಿದ್ದರು. ಆದರೆ ಆ ಮುದುಕಿ ನನ್ನನ್ನೇ ನೋಡುತ್ತಿದ್ದರು, ಈಗ ಓದುತ್ತಾಳೆ ಎಂಬ ಮುಖದಲ್ಲಿ.

"ಅದನ್ನ ನಾನು ಏರಿಸಿಲ್ಲ ಅಮ್ಮಾ," ಎಂದೆ. ಮೈಕ್ ಆನ್ ಇತ್ತು. ಹಾಲಿಗೆಲ್ಲ ಕೇಳಿತು.

ವೇದಿಕೆ ಮೇಲೆ ಸಿದ್ದಬಸಪ್ಪನವರು ಪೇಟ ಎತ್ತಿ ಹೆಂಡತಿಯತ್ತ ನೋಡಿದರು. ಪಕ್ಕದಲ್ಲಿ ಏನಿತ್ತೇ ಎಂದು ಕೇಳಿದರು. ಅವರು ರೈನ್ ಗೇಜಿನ ಹತ್ತಿರ ನಿಂತು ನಂಬರ್ ಕೂಗುವುದು, ಈಕೆ ಜಗಲಿಯಲ್ಲಿ ಕೂತು ಬರೆದುಕೊಳ್ಳುವುದು. ಅರ್ಧ ಶತಮಾನ ಹಾಗೇ ನಡೆದಿತ್ತಂತೆ. ಅವಳು ಏನೋ ಗೀಚ್ತಿದ್ಲು ಎಂದು ಸಭೆಗೆ ವಿವರಿಸಿದರು. ಆ ಮಹಾನುಭಾವ ಒಂದು ದಿನವೂ ಬಲಗಡೆ ಕಣ್ಣು ಹಾಯಿಸಿರಲಿಲ್ಲ. ಅವರ ಮೇಲೆ ನನಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಆಮೇಲೆ ಆ ಅಡಿಕೋಲಿನ ನೆನಪಾಗಿ ಸಿಟ್ಟು ಇಳಿದು ನಾಚಿಕೆ ಬಂತು. ಅವರು ನೋಡದೆ ಬಿಟ್ಟಿದ್ದರು. ನಾನು ನೋಡಿ ಮುಚ್ಚಿದ್ದೆ.

ಊಟದ ಗಲಾಟೆಯಲ್ಲಿ ಎಲ್ಲರೂ ಅದನ್ನು ಮರೆತರು. ಹೋಳಿಗೆ ಚೆನ್ನಾಗಿತ್ತಂತೆ. ನಾನು ಎಲೆ ಬಿಟ್ಟು ಎದ್ದೆ. ಕೈ ತೊಳೆಯುವ ನಲ್ಲಿಯ ಹತ್ತಿರ ಗಿರಿಜಾಂಬಾ ಸಿಕ್ಕರು. ತಪ್ಪಾಯಿತೆಂದೆ.

"ಎಲ್ಲೂ ಇಲ್ವಾ?" ಎಂದು ಕೇಳಿದರು. "ಮೂರು ಕಡೆ ಇದೆ ಅಂದ್ಯಲ್ಲ."

"ಮೂರು ಕಡೆನೂ ಇಲ್ಲ ಅಮ್ಮಾ."

ಅವರು ನಲ್ಲಿ ನಿಲ್ಲಿಸಿದರು. "ಒಲೆಗೆ ಹಾಕಿದ್ದು ನಾನೇ. ಹದಿನೈದು ದಿನ ಅದ್ರಲ್ಲೇ ನೀರು ಕಾದಿದ್ದು. ಒಂದನ್ನೂ ತೆಗ್ದು ನೋಡ್ಲಿಲ್ಲ. ಎಲ್ಲಾ ಅಲ್ಲಿದೆ ಅಂದಿದ್ರಲ್ಲ ಇವ್ರು."

ಬೈದಿದ್ದರೆ ಚೆನ್ನಾಗಿತ್ತು. ನಾನು ಗಡಿಬಿಡಿಯಲ್ಲಿ ಮಾತು ಸುರಿಸಿದೆ. ಈವತ್ತೇ ಷರಾ ಕಾಲಂ ಸೇರಿಸುತ್ತೇನೆ, ಒಂದೇ ಸಾಲಿನ ಕಮಾಂಡು, ಒಂದು ನಿಮಿಷವೂ ಬೇಡ, ಪ್ರತಿ ಶುಕ್ರವಾರ ಜಾವಳಿಗೆ ಬರುತ್ತೇನೆ, ನೀವು ನೆನಪಿದ್ದಷ್ಟು ಹೇಳಿ, ನಾನು ಏರಿಸುತ್ತೇನೆ, ಮೊದಲು ಆ ಆಗಸ್ಟ್ ಒಂಬತ್ತರಿಂದಲೇ ಶುರು ಮಾಡೋಣ, ಅವತ್ತು ಏನು ಬರೆದಿದ್ದಿರಿ ಹೇಳಿ ಎಂದೆ.

ಅವರು ಸೆರಗಿನಲ್ಲಿ ಕೈ ಒರೆಸಿಕೊಂಡರು.

"ಅದು ಗೊತ್ತಿದ್ರೆ ನಿನ್ನ ಯಾಕೆ ಕೇಳ್ತಿದ್ದೆ ಮಗಾ. ಏನೋ ಒಂದು ಒಳ್ಳೇದು ಆಗಿತ್ತು ಅವತ್ತು, ಅಷ್ಟೇ ನೆನಪು. ಹೇಗೂ ಬರ್ದಿಟ್ಟಿದೀನಲ್ಲ ಅಂತ ಮರ್ತುಬಿಟ್ಟೆ."

ಹೊರಗೆ ಸಿದ್ದಬಸಪ್ಪನವರು ಜೀಪಿನ ಹಾರನ್ ಒತ್ತಿದರು. ಗಿರಿಜಾಂಬಾ ಹಣ್ಣಿನ ಬುಟ್ಟಿ ಎತ್ತಿಕೊಂಡು ಹೋದರು.